ತನ್ನ ಅಂಗಡಿಯ ವಿರುದ್ಧವೇ ಮತ ಹಾಕಿದ ಲಾಂಡ್ರಿ ಅಂಕಲ್

ನನ್ನ ಹೈಸ್ಕೂಲಿನ ಡಿಬೇಟ್ ಕೋಟನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ತೆಗೆದೆ. ಒಳಜೇಬಿನಲ್ಲಿ ಹಳದಿ ಬಣ್ಣದ ಲಾಂಡ್ರಿ ಚೀಟಿ, ತುಕ್ಕು ಹಿಡಿದ ಪಿನ್ನು. ಹಬೆ, ಗಂಜಿ, ಆಗಷ್ಟೇ ಇಸ್ತ್ರಿಯಾದ ಬಟ್ಟೆಯ ವಾಸನೆ ಮೂಗಿಗೆ ಬಂದಂತಾಯಿತು…

ಅಮೆರಿಕದ ಕ್ಯಾರಿ ಊರಿನ ನಮ್ಮ ಕನ್ನಡದವರು ಈಗಲೂ ಹೇಳುತ್ತಾರೆ: ಲಾಂಡ್ರಿ ಅಂಕಲ್ ರಾಜಧಾನಿ ರಾಲಿಯ ರಾಜ್ಯ ಶಾಸನಸಭೆಗೆ ಆರಿಸಿಹೋದದ್ದು ನಮ್ಮಿಂದ, ಸೋತದ್ದು ನಮ್ಮನ್ನು ಮರೆತದ್ದರಿಂದ. ಎರಡೂ ಶುದ್ಧ ಸುಳ್ಳು. ಆಗ ನಮ್ಮಲ್ಲಿ ಹೆಚ್ಚಿನವರು ವೀಸಾದ ಮೇಲಿದ್ದರು. ಓಟೇ ಇಲ್ಲದವರು ಗೆಲ್ಲಿಸಿದ್ದು ಹೇಗೆ ಸ್ವಾಮಿ? ಪಕ್ಕದ ಮನೆಯ ಮೈಸೂರಿನವರಂತೂ ತಮ್ಮ ಲಾನಿನಲ್ಲಿ ಇಬ್ಬರೂ ಅಭ್ಯರ್ಥಿಗಳ ಫಲಕ ನೆಟ್ಟಿದ್ದರು. ಅಪ್ಪ ಕೇಳಿದ್ದಕ್ಕೆ, "ಯಾರ್ ಗೆದ್ರೂ ನಮ್ಮೇಲೆ ಬೇಜಾರ್ ಮಾಡ್ಕೋಬಾರ್ದಲ್ವಾ ಸಾರ್?" ಎಂದಿದ್ದರು.

ಲಾಂಡ್ರಿ ಅಂಕಲ್ ಅಲ್ಲಿಯೇ ಹುಟ್ಟಿ ಬೆಳೆದ ಅಮೆರಿಕನ್. ರೇಷ್ಮೆ ಸೀರೆಯ ಅರಿಶಿನದ ಕಲೆ ತೆಗೆಯಬಲ್ಲ ಡ್ರೈಕ್ಲೀನರ್ ಆ ಸುತ್ತಿನಲ್ಲಿ ಅವನೊಬ್ಬನೇ ಆಗಿದ್ದರಿಂದ ನಮ್ಮ ಆಂಟಿಯರಿಗೆಲ್ಲ ಅಚ್ಚುಮೆಚ್ಚು. ಸದನ ನಡೆಯದ ದಿನ ಇಸ್ತ್ರಿಯ ಮುಂದೆ ನಿಂತಿರುತ್ತಿದ್ದ. ಗಿರಾಕಿ ರಸ್ತೆಗುಂಡಿಯ ದೂರು ಹೇಳಿದರೆ ಹಳದಿ ಚೀಟಿಯಲ್ಲಿ ಬರೆದು ತನ್ನ ಕೋಟಿನ ಒಳಮೈಗೆ ಪಿನ್ ಮಾಡಿಕೊಳ್ಳುತ್ತಿದ್ದ, ಕೆಲಸವಾಗುವ ತನಕ ತೆಗೆಯುತ್ತಿರಲಿಲ್ಲ. ಶುಕ್ರವಾರದ ಹೊತ್ತಿಗೆ ನಡೆದರೆ ಸರಸರ ಸದ್ದು!

ಎರಡನೆಯ ಅವಧಿಯಲ್ಲಿ ಆ ಮಸೂದೆ ಬಂತು. ಡ್ರೈಕ್ಲೀನಿಂಗ್ ರಾಸಾಯನಿಕ ನೆಲಕ್ಕಿಳಿದಿದ್ದರೆ ಅಂಗಡಿಯವರೇ ಸ್ವಂತ ಖರ್ಚಿನಲ್ಲಿ ಅಗೆಸಿ ಶುದ್ಧ ಮಾಡಿಸಬೇಕು. ಅವನನ್ನು ಗೆಲ್ಲಿಸಿದ್ದ ವ್ಯಾಪಾರಿಗಳೆಲ್ಲ ಕೆರಳಿದರು. ನಾನೋ, ಡಿಬೇಟ್ ತಂಡ ಸೇರಿ ಮೂಗಿನ ತುದಿಯಲ್ಲಿ ತರ್ಕ ಇಟ್ಟುಕೊಂಡವಳು. ಬಟ್ಟೆ ತರಲು ಹೋದವಳು ನೇರ ಕೇಳಿಯೇಬಿಟ್ಟೆ: ಅಂಗಡಿಯೂ ನಿಮ್ಮದು, ಮತವೂ ನಿಮ್ಮದು, ಇದು ನ್ಯಾಯವೇ?

"ಬಾ ಕೌನ್ಸೆಲರ್, ವಾದ ಮಾಡು" ಎಂದ, ವಕೀಲರನ್ನು ಕರೆಯುವಂತೆ, ತನ್ನ ರಾಗದ ಇಂಗ್ಲಿಷಿನಲ್ಲಿ. ಸ್ಪರ್ಧೆಗಳಲ್ಲಿ ಮಾಡುವಂತೆ ನಾಣ್ಯ ಚಿಮ್ಮಿದೆವು. ನನಗೆ ಮಸೂದೆಯ ಪರ ಬಂತು, ಅವನಿಗೆ ಅಂಗಡಿಗಳ ಪರ. ಮೂರು ಶನಿವಾರ! ಅವನು ಶರ್ಟು ತಿರುವಿಹಾಕುತ್ತ ನನ್ನ ಒಂದೊಂದು ವಾದವನ್ನೂ ಬೀಳಿಸುತ್ತಿದ್ದ, ನಾನು ಮನೆಗೆ ಹೋಗಿ ಹೊಸದು ಹೊಸೆಯುತ್ತಿದ್ದೆ. ಕೊನೆಯ ಶನಿವಾರ ಕೇಳಿದೆ: "ನಿಮ್ಮ ಅಂಗಡಿ ಹಿಂದಿನ ಬೀದಿಯವರ ಬಾವಿ ನೀರು ಹೇಗಿದೆ ಅಂತ ಯಾರಾದರೂ ಕೇಳಿದ್ದೀರಾ?" ಅವನು ಇಸ್ತ್ರಿ ಕೆಳಗಿಟ್ಟ. ಗೆದ್ದೆನೆಂದು ನಾನು ಮನೆಯವರೆಗೂ ಹಾರಿಕೊಂಡೇ ಹೋದೆ.

ಮತದಾನದ ದಿನ ಅಪ್ಪ ಅರ್ಧ ದಿನ ರಜೆ ಹಾಕಿ ನನ್ನನ್ನು ಸದನದ ಗ್ಯಾಲರಿಗೆ ಕರೆದುಕೊಂಡು ಹೋದರು. ಗೋಡೆಯ ಬೋರ್ಡಿನಲ್ಲಿ ಹೆಸರುಗಳ ಪಕ್ಕ ದೀಪ ಹೊತ್ತಿಕೊಳ್ಳುತ್ತಿದ್ದವು, ಮಸೂದೆಯ ಪರಕ್ಕೆ ಹಸಿರು, ವಿರೋಧಕ್ಕೆ ಕೆಂಪು: ಕೆಂಪು, ಹಸಿರು, ಕೆಂಪು… ಅವನದು ಮಾತ್ರ ಕತ್ತಲೆ.

"ಹಸಿರು ಕಣೇ! ಹಸಿರು!" ಅಪ್ಪ ಎದ್ದೇ ನಿಂತರು. ಕಾವಲಿನವನು ಕೂರಿಸಿದ. ಮಸೂದೆ ಗೆದ್ದಿತ್ತು!

ಮುಂದಿನ ಚುನಾವಣೆಯಲ್ಲಿ ಅಂಗಡಿಯವರೆಲ್ಲ ಎದುರಾಳಿಯ ಹಿಂದೆ ನಿಂತರು. ಅವನು ಸೋತ. ಅವನ ಅಂಗಡಿಯ ನೆಲವನ್ನೂ ಅಗೆಯಬೇಕಾಯಿತು. ಮತ್ತೆ ಬಾಗಿಲು ತೆರೆಯಲಿಲ್ಲ. ಈಗ ಅಲ್ಲಿ ಬೇಗಲ್ ಬ್ರೆಡ್ಡು ಮಾರುತ್ತಾರೆ. ನಮ್ಮನ್ನು ಮರೆತದ್ದರಿಂದ ಸೋತನಂತೆ… ಪುರಾವೆ ಎಲ್ಲಿ?

ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದಿದ್ದರೆ ನಾನು ಅಷ್ಟೇ ಆವೇಶದಿಂದ ಅಂಗಡಿಗಳ ಪರ ವಾದಿಸುತ್ತಿದ್ದೆ. ನನ್ನದು ಏನೂ ಹೋಗುತ್ತಿರಲಿಲ್ಲ.

ಕಳೆದ ತಿಂಗಳು ಅವನು ತೀರಿಕೊಂಡನೆಂದು ತಿಳಿದು ಅವನ ಹೆಂಡತಿಯನ್ನು ನೋಡಲು ಹೋದೆ. ಎಷ್ಟೋ ಹೊತ್ತು ಏನೇನೋ ಮಾತಾಡಿದೆವು. ಹೊರಡುವಾಗ ಬಾಗಿಲಲ್ಲಿ ನಿಂತು, ತಡೆಯಲಾರದೆ ಕೇಳಿದೆ:

"ಹಸಿರು ಒತ್ತಬೇಕೆಂದು ಅವರು ನಾನು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಿದ್ದರಾ, ಇಲ್ಲಾ, ನಾನೇ ಅವರ ಅಂಗಡಿ ಮುಚ್ಚಿಸಿದೆನಾ?"