ಮಾರಿಯಪ್ಪನ ಉಡಿದಾರ

ಮಾರಿಯಪ್ಪ ತನ್ನ ನೆರಳನ್ನೂ ಒಮ್ಮೆ ತಡವಿ ನೋಡಿಯೇ ಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಾನೆ ಎಂದು ಬೀದಿಯವರು ನಗುತ್ತಿದ್ದರು. ಸುಮ್ಮನೆ ಹುಟ್ಟಿದ ಮಾತಲ್ಲ ಅದು. ಸೇಲಂ ಕಡೆಯ ಮೇಚೇರಿ ಸಂತೆಯಲ್ಲಿ ಕುರಿ ದಲ್ಲಾಳಿಯಾಗಿಯೇ ತಲೆ ನರೆಸಿಕೊಂಡ ಮನುಷ್ಯ. ಕಣ್ಣಿಗೆ ದುಂಡಗೆ ಕಂಡ ಕುರಿಯನ್ನು ಅವನು ನಂಬುತ್ತಿರಲಿಲ್ಲ. ಮಾರುವವರು ಉಪ್ಪು ನೆಕ್ಕಿಸಿ, ಹೊಟ್ಟೆ ತುಂಬ ನೀರು ಕುಡಿಸಿ ತಂದಿರುತ್ತಾರಲ್ಲ! ಅದಕ್ಕೇ ಕಡೆಯ ಪಕ್ಕೆಲುಬಿನ ಹಿಂದೆ, ಬೆನ್ನಮೂಳೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದ. ಮಾಂಸವಿದ್ದರೆ ಬೆರಳು ಮೆತ್ತಗೆ ಇಳಿಯುತ್ತದೆ, ಇಲ್ಲದಿದ್ದರೆ ಮೂಳೆ ಚುಚ್ಚುತ್ತದೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು.

ಇಂಥ ಮಾರಿಯಪ್ಪನ ಸೊಂಟದ ಬೆಳ್ಳಿ ಉಡಿದಾರ ಒಂದು ದಿನ ಸ್ನಾನಕ್ಕೆ ನಿಂತಾಗ ತೊಡೆಗೆ ಜಾರಿತು.

ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಸೇಲಂ ಆಸ್ಪತ್ರೆಯವರು ಹೇಳಿ ಕೆಲವು ತಿಂಗಳಾಗಿತ್ತು. ತಿಂಗಳಿಗೊಮ್ಮೆ ಹೋಗಿ ಔಷಧಿ ಏರಿಸಿಕೊಂಡು ಬರುತ್ತಿದ್ದ. ಗಡ್ಡೆ ಇದೆ ಎಂದರೆ ಒಪ್ಪಿದ. ಮೈ ಕರಗುವುದನ್ನು ಮಾತ್ರ ಒಪ್ಪಲಿಲ್ಲ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನಲ್ಲ, ಉಂಡದ್ದು ಎಲ್ಲಿ ಹೋಗುತ್ತದೆ? ತನ್ನ ಸೊಂಟದ ಮೇಲೆ ತಾನೇ ಹೆಬ್ಬೆರಳು ಒತ್ತಿದ. ಮೂಳೆ ಚುಚ್ಚಿತು.

ಅವನ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ. ಪಾಲಿಗೆ ಮೇಯಿಸಲು ಬಿಟ್ಟ ಕುರಿ ಬಡಕಲಾಗಿ ವಾಪಸಾದರೆ ಮೇಯಿಸುವವನು ಮೇವು ಕದ್ದಿದ್ದಾನೆ. ಈ ಮನೆಯಲ್ಲಿ ಮೇವು ಹಾಕುವವಳು ಯಾರು? ಸೊಸೆ ಸುಗುಣಾ. ಬೆಳಗಿನ ಹಳೇ ಅನ್ನದ ನೀರನ್ನೂ ಅವಳೇ ನಿಲ್ಲಿಸಿದ್ದಳು.

"ರಾತ್ರಿ ನೆನೆಸಿದ್ದು ಕೊಡಬ್ಯಾಡಿ ಅಂದವ್ರೆ ಮಾಮ. ಔಷ್ದಿ ಏರ್ಸೋವಾಗ ಸೂಡಾಗಿ, ಬಿಸಿಬಿಸಿ ಮಾಡಿದ್ದೇ ತಿನ್ಬೇಕಂತೆ."

"ಅಂಗಂತ ನೀನು ಯೋಳ್ತೀಯ. ನನ್ನ ಕಿವೀಗೇನು ಬಿದ್ದಿಲ್ಲ."

ಪಕ್ಕದ ಮನೆ ರಾಜಾತಿಯನ್ನು ಕರೆದು ಪಿಸುಗುಟ್ಟಿದ. "ಯಾರಿಗೂ ಯೋಳ್ಬ್ಯಾಡ ತಾಯಿ. ಸೊಸೆ ನನ್ನ ಒಟ್ಟೆ ಒಣಗ್ಸವ್ಳೆ." ಯಾರಿಗೂ ಹೇಳಬಾರದ್ದನ್ನೆಲ್ಲ ರಾಜಾತಿ ಬೀದಿ ನಲ್ಲಿಯ ಹತ್ತಿರವೇ ಹೇಳುವವಳು. ಸುಗುಣಾ ಬಿಂದಿಗೆ ಹಿಡಿದು ಹೋದರೆ ಹೆಂಗಸರ ಮಾತು ನಿಲ್ಲತೊಡಗಿತು. ಕೊನೆಗೆ ಮಗ ಶೇಖರ್‌ಗೂ ಮುಟ್ಟಿತು. ಮೇಟೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವನು ನೇರ ಅಡಿಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡಿದ.

ಸುಗುಣಾ ಅದನ್ನು ಕಂಡಳು. ಒಳಗೆ ಹೋಗಿ ಚೀಲಕ್ಕೆ ಸೀರೆ ತುಂಬತೊಡಗಿದಳು. "ಕಂಬೈನಲ್ಲೂರಿಗೆ ನಮ್ಮವ್ವನ ಮನೇಗೆ ಓಗ್ತೀನಿ. ಅಪ್ಪನೂ ಮಗನೂ ಪಾತ್ರೆ ನೋಡ್ಕೊಂಡು ಕೂತಿರಿ."

"ಓಗೋವಂತೆ. ಮೊದ್ಲು ಒಂದು ಪರೀಕ್ಷೆ ಐತೆ," ಎಂದ ಮಾರಿಯಪ್ಪ ಮಂಚದಿಂದಲೇ. ಮೇಯಿಸುವವನ ಮೇಲೆ ಅನುಮಾನ ಬಂದರೆ ಸಂತೆಯವರು ಮಾಡುವುದು ಇದನ್ನೇ: ಬಡಕಲು ಕುರಿಯನ್ನೂ ಗಟ್ಟಿ ಕುರಿಯನ್ನೂ ಒಂದೇ ಬುಟ್ಟಿಗೆ ಬಾಯಿ ಹಾಕಿಸಿ, ಆಮೇಲೆ ಎರಡರ ಬೆನ್ನು ಒತ್ತುವುದು. "ನನ್ನ ಎದ್ರುಗೆ ಕೂತು ಉಣ್ಣು. ಒಂದೇ ಪಾತ್ರೆ, ಒಂದೇ ಗಾತ್ರದ ಇಟ್ಟು. ಮುಂದಿನ ಸಲ ಔಷ್ದಿ ಏರ್ಸೋವರ್ಗೂ."

"ನಾನೇನು ಕುರಿಯಾ ಮಾಮ?"

"ಕುರಿಯಾಗಿದ್ರೆ ಬೆನ್ನು ತಡವಿ ನೋಡ್ತಿದ್ದೆ. ನಿನ್ನ ಬಳೆ ನೋಡ್ತೀನಿ ಬಿಡು."

ಅವಳು ಹಟಕ್ಕೆ ಬಿದ್ದು ಕೂತಳು. ಅವನಷ್ಟೇ ದಪ್ಪದ ರಾಗಿ ಮುದ್ದೆ, ಅಷ್ಟೇ ಸೊಪ್ಪಿನ ಸಾರು. ಅವನು ಒಂದು ತುತ್ತೂ ಬಿಡದೆ ನುಂಗಿದ. ಅವಳು ಉಪ್ಪು ತರಲು ಎದ್ದರೆ ತಟ್ಟೆಗಳನ್ನು ಅದಲುಬದಲು ಮಾಡಿದ. ತಿಂಗಳು ಮುಗಿಯುವಾಗ ಮೊಣಕೈವರೆಗೂ ಆಡುತ್ತಿದ್ದ ಸುಗುಣಾಳ ಬಳೆಗಳು ಮಣಿಕಟ್ಟಿನಲ್ಲೇ ಕಚ್ಚಿ ನಿಂತವು. ಮಾರಿಯಪ್ಪ ಸಡಿಲವಾದ ಉಡಿದಾರಕ್ಕೆ ನೂಲು ಸುತ್ತಿ ಗಂಟಿನ ಮೇಲೆ ಗಂಟು ಹಾಕಿಕೊಂಡ.

ಈಗ ಅನುಮಾನಕ್ಕೆ ಈ ಮನೆಯಲ್ಲಿ ಜಾಗವಿರಲಿಲ್ಲ. ಅದು ಬಸ್ಸು ಹತ್ತಿ ಅವನ ಜತೆಗೇ ಸೇಲಂಗೆ ಬಂತು. ಔಷಧಿಯಲ್ಲೇ ಏನೋ ಬೆರೆಸುತ್ತಾರೆ!

ಡಾಕ್ಟರು ಸುಪ್ರಜಾ ಸೇಲಂನ ಕನ್ನಡದ ಮನೆಯವಳೇ. ಅವಳು ಎರಡು ಪುಟ್ಟ ಡಬ್ಬಿಗಳನ್ನು ಮೇಜಿನ ಮೇಲಿಟ್ಟಳು. "ತಾತ, ಮುಂದಿನ ಸಲ ಬರುವಾಗ ಒಂದರಲ್ಲಿ ನಿಮ್ಮ ಮಲ, ಇನ್ನೊಂದರಲ್ಲಿ ನಿಮ್ಮ ಸೊಸೇದು ತರ್ತೀರಾ? ಇಷ್ಟವಿದ್ದರೆ ಮಾತ್ರ."

ಜತೆಗೆ ಬಂದಿದ್ದ ಸುಗುಣಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾರಿಯಪ್ಪ ಕಣ್ಣು ಕಿರಿದು ಮಾಡಿದ. "ಯಾಕೆ? ಮಾಟ ಮಾಡ್ಸಾಕಾ, ಮಾರಾಕಾ?"

"ಕೊಳ್ಳೋರು ಯಾರಾದ್ರೂ ಇದ್ದರೆ ನೀವೇ ಹೇಳಿ ತಾತ, ದಲ್ಲಾಳಿ ನೀವಲ್ವೇ?" ಎಂದು ನಕ್ಕು, ನಿಧಾನವಾಗಿ ಬಿಡಿಸಿ ಹೇಳಿದಳು. "ನಮ್ಮ ಕರುಳಲ್ಲಿ ಕಣ್ಣಿಗೆ ಕಾಣದ ಜೀವಿಗಳ ದೊಡ್ಡ ಮಂದೆಯೇ ಇರುತ್ತೆ. ಈ ಕಾಯಿಲೆಯವರಲ್ಲಿ ಆ ಮಂದೆ ಬದಲಾಗಿರೋದು ಉಂಟು. ಕಾಯಿಲೆ ಮೈಯ ಮಾಂಸವನ್ನೇ ಕರಗಿಸುತ್ತೆ, ಉಂಡರೂ ಹತ್ತೋದಿಲ್ಲ. ಅದರಲ್ಲಿ ಆ ಜೀವಿಗಳ ಪಾಲೆಷ್ಟು ಅಂತ ನಮಗಿನ್ನೂ ಗೊತ್ತಿಲ್ಲ. ಅದಕ್ಕೇ ಒಂದೇ ಮನೆ ಅಡಿಗೆ ಉಣ್ಣೋ ಇಬ್ಬರದನ್ನೂ ಇಟ್ಟು ನೋಡ್ತೀವಿ."

"ಇದ್ರಿಂದ ನನ್ನ ಮೈ ತುಂಬ್ತದಾ?"

"ಅದೂ ಗೊತ್ತಿಲ್ಲ ತಾತ. ಮುಂದೆ ಬರೋರಿಗೆ ಉಪಯೋಗ ಆಗಬಹುದು."

ಸಂತೆಯಲ್ಲಿ ಮೋಸ ಮಾಡುವವನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಮಾರಿಯಪ್ಪ ಒಮ್ಮೆಯೂ ಕೇಳಿರಲಿಲ್ಲ. ಅವನು ಒಂದು ಡಬ್ಬಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ. "ಅಂಗಾದ್ರೆ... ಇಕ್ಕೋರ ತಪ್ಪಲ್ವಾ?"

"ಇಕ್ಕದೇ ಇದ್ದಿದ್ದರೆ ನೀವು ಇಲ್ಲಿವರೆಗೆ ನಡೆದು ಬರ್ತಿರಲಿಲ್ಲ."

ಸೊಸೆಯ ಕಡೆ ನೋಡಲು ಅವನಿಗೆ ಆಗಲಿಲ್ಲ. ಅವಳ ಬಳೆಗಳನ್ನಷ್ಟೇ ನೋಡಿದ.

ಮುಂದಿನ ಸಲ ಹೊರಡುವ ಹೊತ್ತಿಗೆ ಕಾಲಲ್ಲಿ ಬಲವಿರಲಿಲ್ಲ. ಶೇಖರ್ ಕಾರು ತರಿಸಿ, ಅಪ್ಪನನ್ನು ಕುರ್ಚಿಯ ಸಮೇತ ಎತ್ತಿ ಹೊರಗೆ ತಂದ. ತವರಿಗೆಂದು ತುಂಬಿದ್ದ ಅದೇ ಚೀಲ ಸುಗುಣಾಳ ಕೈಯಲ್ಲಿತ್ತು, ಒಳಗೆ ಡಬ್ಬಿಗಳು. ನಲ್ಲಿಯ ಹತ್ತಿರ ಹೆಂಗಸರು ನಿಂತಿದ್ದರು.

"ಇಲ್ಲೇ ಇಳ್ಸು," ಎಂದ ಮಾರಿಯಪ್ಪ. ಹೆಗಲ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟ. "ರಾಜಾತಿ, ಅವತ್ತು ನಿಂಗೆ ಟವೆಲ್ ಮರೇಲಿ ಯೋಳ್ದೆ. ಇವತ್ತು ಎಲ್ರ ಮುಂದೆ ಯೋಳ್ತೀನಿ. ನನ್ನ ಸೊಸೆ ಮೇವು ಕದ್ದಿಲ್ಲ. ಒಂದೇ ಪಾತ್ರೇಲಿ ಉಂಡು ನೋಡೀನಿ. ತಪ್ಪು ನಂದು."

"ಅಯ್ಯೋ ಅಣ್ಣಾ, ನಾನೆಲ್ಲಿ ಯಾರ್ಗೆ ಯೋಳ್ದೆ?"

"ಯೋಳ್ದೇ ಇರೋ ಮನೆಗೆಲ್ಲಾ ಓಗಿ ಇದ್ನೂ ಯೋಳವ್ವ."

ಹೆಂಗಸರು ನಕ್ಕುಬಿಟ್ಟರು. ರಾಜಾತಿಯೂ ನಕ್ಕಳು. ಸುಗುಣಾ ನಗಲಿಲ್ಲ, ಮಾವನ ತೊಡೆಯಿಂದ ಜಾರುತ್ತಿದ್ದ ಟವೆಲನ್ನು ಮಡಿಸಿ ಮತ್ತೆ ಅವನ ಹೆಗಲಿಗೆ ಹಾಕಿದಳು.

ಕಾರಿನೊಳಗೆ ಕೂತ ಮೇಲೆ ಮಾರಿಯಪ್ಪ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡ. "ಮುಚ್ಚಳ ಬಿಗಿಯಾಗಿ ಹಾಕ್ದೇನಮ್ಮ? ಅಲ್ಲಿ ಯಾರಾನಾ ಅದಲುಬದಲು ಮಾಡ್ಬುಟ್ಟಾರು."

"ಇಬ್ರ ಎಸ್ರೂ ಬರ್ದು ಅಂಟ್ಸೀನಿ ಮಾಮ."

"ಎಲ್ಲಿ, ತೋರ್ಸು."

ಅವಳು ತೆಗೆದು ತೋರಿಸಿದಳು. ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಒಂದೊಂದರ ಮುಚ್ಚಳವನ್ನೂ ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಶೇಖರ್‌ಗೆ ಕೈಸನ್ನೆ ಮಾಡಿದ. ಕಾರು ಬೀದಿ ತಿರುಗಿತು. ಆ ಮನೆಯ ಹೊಸ್ತಿಲಿಗೆ ಮಾರಿಯಪ್ಪ ಮತ್ತೆ ಜೀವಂತ ಬರಲಿಲ್ಲ.