ಹೆಸರಿನ ಹೊಲದ ಡಿಫೆನ್ಸ್

ನಮ್ಮ ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡ ಈ ಸಲ ಗೆದ್ದೇ ಗೆಲ್ಲುತ್ತದೆ ಎಂದು ನಾನು ಪ್ರತಿ ಜೂನ್‌ನಲ್ಲೂ ಹೇಳುತ್ತೇನೆ. ಊರ ಚಹಾದಂಗಡಿಯಲ್ಲಿ ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಹೋದ ವರ್ಷ ಕುಂದಗೋಳದ ಪಂದ್ಯದಲ್ಲಿ ಒಂಬತ್ತು ಗೋಲು ತಿಂದೆವು, ನಿಜ. ಆದರೆ ಹತ್ತನೆಯದನ್ನು ತಿನ್ನಲಿಲ್ಲ! ಆಟದ ಟೀಚರ್ ಆದವಳಿಗೆ ಭರವಸೆ ಇಟ್ಟುಕೊಳ್ಳಲು ಅಷ್ಟು ಸಾಕು.

ನಮ್ಮ ರೋಗ ಒಂದೇ. ಚೆಂಡು ಎತ್ತ ಹೋಯಿತೋ ಎಲ್ಲರೂ ಅತ್ತ ನುಗ್ಗುವುದು, ಕಾಳು ಚೆಲ್ಲಿದ ಕಡೆ ಕೋಳಿ ನುಗ್ಗಿದ ಹಾಗೆ. ಹಿಂದಿನ ನಾಲ್ವರು ಒಂದೇ ಗೆರೆಯಲ್ಲಿ ನಿಂತು ಒಟ್ಟಿಗೆ ಮುಂದೆ ಸರಿದರೆ, ಎದುರಾಳಿ ನಮ್ಮ ಬೆನ್ನ ಹಿಂದೆ ಒಬ್ಬಳೇ ಉಳಿದು ಆಫ್‌ಸೈಡ್ ಆಗುತ್ತಾಳೆ, ಅವಳು ಹೊಡೆದ ಗೋಲು ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದೆ, ಕೂಗಾಡಿದೆ, ಸೀಟಿ ಊದಿ ಊದಿ ಸುಸ್ತಾದೆ. ಒಬ್ಬರ ತಲೆಗೂ ಹೋಗಲಿಲ್ಲ.

ಈ ವರ್ಷ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಹಿಂದಿನ ನಾಲ್ವರಲ್ಲಿ ಒಬ್ಬಳಾದ ನಮ್ಮ ಕ್ಯಾಪ್ಟನ್ ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟಳು. ಅವಳಿಲ್ಲದೆ ಹನ್ನೊಂದು ಮಂದಿ ಆಗುವುದಿಲ್ಲ, ಅಂದರೆ ತಂಡವೇ ಇಲ್ಲ. ರವಿವಾರ ಸಿಟ್ಟಿನಲ್ಲೇ ಅವರ ಹೊಲಕ್ಕೆ ಹೋದೆ. ಹೆಸರಿನ ಬೆಳೆಯಲ್ಲಿ ಹೆಂಗಸರು ಸಾಲಾಗಿ ಕೂತು ಕುರ್ಪಿಯಿಂದ ಕಸ ತೆಗೆಯುತ್ತಿದ್ದರು. ಆ ಗುಂಪಿಗೆ ಹುಡುಗಿಯ ತಾಯಿಯೇ ಮುಂದಾಳು, ಮಗಳೂ ಪಕ್ಕದಲ್ಲೇ ಇದ್ದಳು.

“ಕಳಸೂದಿಲ್ರಿ ಅಕ್ಕೋರ,” ಎಂದಳು ತಾಯಿ, ತಲೆ ಎತ್ತದೆ. “ಹ್ವಾದ ವರ್ಷ ನಾನೂ ನೋಡಾಕ ಬಂದಿದ್ದೆ. ಮಂದಿ ನಕ್ಕಿದ್ದು ಇನ್ನೂ ಕಿವ್ಯಾಗೈತಿ. ನನ್ನ ಮಗಳು ಅವತ್ತ ಊಟಾನ ಮಾಡಲಿಲ್ಲ.”

ಸುಮ್ಮನೆ ನಿಲ್ಲಲಾರದೆ ನಾನೂ ಒಂದು ಕುರ್ಪಿ ಇಸಿದುಕೊಂಡು ಸಾಲಿಗೆ ಕೂತೆ. ಸ್ವಲ್ಪ ಹೊತ್ತಿಗೇ ಹಿಂದೆ ಬಿದ್ದೆ. ಎಡಬಲದವರು ಮಾತಿಲ್ಲದೆ ನನ್ನ ಪಾಲಿನ ಕಸವನ್ನೂ ಕಿತ್ತು ನನ್ನನ್ನು ಜೊತೆಗೆ ಸೇರಿಸಿಕೊಂಡರು. ತಾಯಿ ಕೂಗಿದಳು: “ಮುಂದ ಓಡಬ್ಯಾಡ್ರಿ, ಹಿಂದ ಉಳೀಬ್ಯಾಡ್ರಿ, ಸಾಲ ಹಿಡದ ಸರೀರಿ!” ಇಡೀ ಗುಂಪು ಒಟ್ಟಿಗೆ ಮುಂದೆ ಸರಿಯಿತು.

“ಅಯ್ಯಯ್ಯ, ಇದ ನೋಡ್ರಿ ಡಿಫೆನ್ಸ್!” ಎಂದು ಚೀರಿದೆ. ಹಾವು ಬಂತೆಂದು ಎಲ್ಲರೂ ದಡಕ್ಕನೆ ಎದ್ದರು. ನಾನು ಕ್ಯಾಪ್ಟನ್‌ಗೆ ಹೇಳಿದೆ: “ನೀವು ನಾಕೂ ಮಂದಿ ಹಿಂಗ ಸರೀಬೇಕವ್ವಾ, ಅಷ್ಟ!”

ಅವಳು ಕಣ್ಣರಳಿಸಿದಳು. “ಇಷ್ಟ ಏನ್ರಿ? ಕಸಾ ತೆಗದಂಗ ಅಂತ ಮೊದಲ ಹೇಳಬಾರದೇನ್ರಿ ಅಕ್ಕೋರ!”

ಆ ಮುಖದ ಮೇಲಿನ ಬೆಳಕನ್ನು ತಾಯಿಯೂ ನೋಡಿದಳು. “ಒಂದ ಸಂಜಿ ಕಳಸ್ತೀನಿ, ನಾನೂ ಬರ್ತೀನಿ,” ಎಂದಳು. “ಮತ್ತ ಇಕಿನ್ನ ನೋಡಿ ಮಂದಿ ನಕ್ರ, ಅಲ್ಲಿಗೆ ಮುಗೀತ್ರಿ.”

ಮರುದಿನ ಸಂಜೆ ನಮ್ಮದೇ ಶಾಲೆಯ ಹುಡುಗರ ತಂಡದ ಜೊತೆ ಆಡಿಸಿದೆ. ತಾಯಿ ಮೈದಾನದ ಬದಿಯಲ್ಲಿ ಸೆರಗು ಬಿಗಿದು ನಿಂತಿದ್ದಳು. ಉಳಿದ ಮೂವರಿಗೆ ಕ್ಯಾಪ್ಟನ್ ಮುಂಚೆಯೇ ಕಸ ತೆಗೆಯುವ ಸಾಲಿನ ಲೆಕ್ಕ ಹೇಳಿಕೊಟ್ಟಿದ್ದಳು. ಹುಡುಗರಲ್ಲಿ ಅಗದಿ ಚುರುಕಿನವನೊಬ್ಬ ನಮ್ಮ ಗೋಲಿನತ್ತ ಓಡಿದ. “ಸಾಲ ಹಿಡದ ಸರೀರಿ!” ಎಂದಳು ಕ್ಯಾಪ್ಟನ್. ನಾಲ್ವರೂ ಒಮ್ಮೆಗೇ ಮುಂದೆ ಸರಿದರು. ಅವನ ಕಡೆಯವರು ಚೆಂಡು ಒದೆಯುವಷ್ಟರಲ್ಲಿ ಅವನು ನಮ್ಮ ನಾಲ್ವರ ಹಿಂದೆ ಒಬ್ಬನೇ ಉಳಿದಿದ್ದ. ಸೀಟಿ ಊದಿದೆ, ಆಫ್‌ಸೈಡ್! ಮತ್ತೆ ಬಂದ, ಮತ್ತೆ ಆಫ್‌ಸೈಡ್. ಅವನು ಸಿಟ್ಟಿಗೆದ್ದು ನೆಲಕ್ಕೆ ಕಾಲು ಬಡಿದ. ಸುತ್ತಲಿನ ಜನ ನಕ್ಕರು, ಖರೆ, ಆದರೆ ನಕ್ಕಿದ್ದು ಅವನನ್ನು ನೋಡಿ! ನಾವು ಒಂದು ಗೋಲನ್ನೂ ಹೊಡೆಯಲಿಲ್ಲ, ಒಂದನ್ನೂ ತಿನ್ನಲಿಲ್ಲ. ಕಪ್ ಗೆದ್ದವಳಂತೆ ಕುಣಿದುಬಿಟ್ಟೆ.

ಆಟ ಮುಗಿದ ಮೇಲೆ ತಾಯಿ ಸೆರಗಿನಿಂದ ಮಗಳ ಮುಖ ಒರೆಸಿದಳು. ಏನು ಹೇಳುತ್ತಾಳೋ ಎಂಬ ಹೆದರಿಕೆಯಲ್ಲಿ ನಾನು ಚೆಂಡಿಗೆ ಅಂಟಿದ ಎರೆಮಣ್ಣು ಕೆರೆಯುತ್ತ ನಿಂತೆ.

“ಕುಂದಗೋಳದಾಗ ಮ್ಯಾಚ್ ಯಾವತ್ತೈತ್ರಿ ಅಕ್ಕೋರ?” ಎಂದು ಕೇಳಿದಳು. “ಅವತ್ತ ನಮ್ಮ ಗುಂಪಿನ್ಯಾಗ ಒಬ್ಬಾಕಿನೂ ಹೊಲಕ್ಕ ಹೋಗಂಗಿಲ್ಲ. ಎಲ್ಲಾರೂ ಬಂದ ಕುಂದ್ರತೀವಿ. ನೋಡೂಣು, ಯಾರ ನಗ್ತಾರ!”