ನಂಜೇಗೌಡನ ಮೂಗು

ತಟ್ಟೆ ಕೈಗೆ ಬಂದರೆ ನಂಜೇಗೌಡ ಮೊದಲು ಅದನ್ನು ಮೂಸುತ್ತಿದ್ದ. ಲೋಟ, ಸೌಟು, ಯಾವುದಕ್ಕೂ ವಿನಾಯಿತಿ ಇರಲಿಲ್ಲ.

ಬಾಬುರಾಯನಕೊಪ್ಪಲಿನ ಒಂದೇ ರೂಮಿನಲ್ಲಿ ನಾವಿಬ್ಬರೂ ಮೂರು ವರ್ಷ ಇದ್ದೆವು. ನಾನು ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಯಲ್ಲಿದ್ದೆ. ಸಂತೆಬಾಚಹಳ್ಳಿ ಕಡೆಯ ಅವನು ಹಾಲಿನ ಡೈರಿಯೊಂದರಲ್ಲಿ, ಹಳ್ಳಿಗಳಿಂದ ಬಂದ ಕ್ಯಾನುಗಳನ್ನು ಮೂಸಿ ನೋಡಿ, ಹುಳಿ ಬಂದದ್ದನ್ನು ವಾಪಸು ಕಳಿಸುತ್ತಿದ್ದ. ಆ ಕೆಲಸವನ್ನು ಅಲ್ಲೇ ಬಿಟ್ಟು ಬರಬಾರದೇ, ಮಹಾರಾಯ!

ಮುದ್ದೆ ಕಟ್ಟುವುದು ಅವನದು, ಪಾತ್ರೆ ತೊಳೆಯುವುದು ನನ್ನದು ಎಂದು ಕರಾರಾಗಿತ್ತು. ತಳಕ್ಕೆ ಹಿಡಿದ ಹಿಟ್ಟು ನೆನೆಯಲೆಂದು ನಾನು ಮುದ್ದೆ ಪಾತ್ರೆಗೆ ನೀರು ತುಂಬಿ ಎರಡು ದಿನ ಮರೆತುಬಿಡುತ್ತಿದ್ದೆ.

"ತೊಳ್ದಿದ್ದೀಯೋ, ಬರೀ ನೀರ್ ತೋರ್ಸಿದ್ದೀಯೋ? ಮೊನ್ನೆ ಬಸ್ಸಾರು ಇನ್ನೂ ಇಲ್ಲೇ ಕುಂತೈತೆ ಕಣ್ಲಾ," ಎನ್ನುತ್ತಿದ್ದ.

ಒಮ್ಮೆ ರೇಗಿಹೋಗಿ, "ನಾಯಿ ಮೂಸ್ದಂಗೆ ಮೂಸ್ಬೇಡ ಕಣ್ಲಾ!" ಅಂದುಬಿಟ್ಟೆ. ಅವನು ಜಗಳಕ್ಕೆ ಬರಲಿಲ್ಲ. ಮರುದಿನದಿಂದ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡು ತಾನೇ ತೊಳೆದುಕೊಂಡ. ಹದಿನೈದು ದಿನ ಮಾತಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದರೂ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಆಮೇಲೆ ಅವನಿಗೆ ಜ್ವರ ಬಂತು. ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಮೂಸಿ, ಮತ್ತೆ ಮೂಸಿ, ನನ್ನ ಮುಂದೆ ಹಿಡಿದ.

"ನೋಡ್ಲಾ, ವಾಸ್ನೆ ಐತಾ?"

"ಗಬ್ಬು ನಾರ್ತೈತೆ."

ಅವನು ಗೋಡೆಗೊರಗಿ ಕುಳಿತ. "ನಂಗೇನೂ ಬತ್ತಾ ಇಲ್ಲ ಕಣ್ಲಾ. ಡೈರಿಲಿ ಗೊತ್ತಾದ್ರೆ ಕೆಲ್ಸ ಓಯ್ತು."

ವಾಸನೆಯೇ ಇಲ್ಲದ ಲೋಕ ಹೇಗಿರುತ್ತದೋ ಎಂದು ನನಗೆ ಒಳಗೊಳಗೇ ಕುತೂಹಲ. ದಿನಾ ಹಿಂಗು, ಬೆಳ್ಳುಳ್ಳಿ, ಕರ್ಪೂರ ತಂದು ಮೂಗಿಗೆ ಹಿಡಿದೆ.

"ಇಂಗು ಎಂಗೈತೆ?"

"ನೀರಿದ್ದಂಗೈತೆ."

"ಅವತ್ತು ಅಂದಿದ್ದ ಮರ್ತ್ಬುಡ್ಲಾ," ಎಂದೆ ಕೊನೆಗೆ.

ಅವನು ನಕ್ಕ. "ನಾಯಿ ಮೂಗಾದ್ರೂ ಇದ್ದಿದ್ರೆ ಸಾಕಿತ್ತಲ್ಲಾ."

ಜ್ವರದ ರಜೆಯಲ್ಲೇ ತಿಂಗಳು ಕಳೆದರೂ ಮೂಗು ತಿರುಗಿ ಬರಲಿಲ್ಲ. ಯಾರೂ ಕೇಳದಿದ್ದರೂ ತಾನಾಗಿಯೇ ಡೈರಿಯಲ್ಲಿ ಹೇಳಿ ಕೆಲಸ ಬಿಟ್ಟ. "ಒಂದ್ ಉಳಿ ಕ್ಯಾನ್ ಒಳೀಕ್ ಬುಟ್ರೆ ಎಲ್ರ ಆಲೂ ಒಡ್ದೋಯ್ತದೆ ಕಣ್ಲಾ," ಎಂದ.

ಊರಿಗೆ ಹೊರಟ ದಿನ, ಕರಾರು ಮುರಿದು ರೂಮಿನ ಪಾತ್ರೆಗಳನ್ನೆಲ್ಲ ಅವನೇ ತೊಳೆದ. ಹಾಲಿನ ಪಾತ್ರೆಯನ್ನು ನನ್ನ ಮೂಗಿಗೆ ಹಿಡಿದು, "ದಿಟ ಏಳ್ಲಾ, ಕ್ಲೀನಾಗೈತಾ?" ಎಂದ.

ಅಂಚಿನಲ್ಲಿ ಹಳೇ ಹಾಲಿನ ವಾಸನೆ ಹಾಗೇ ಇತ್ತು.

"ಏನೂ ಇಲ್ಲ ಬುಡು. ಚೆಂದಾಗೈತೆ."

ಅವನು ಪಾತ್ರೆ ಬೋರಲು ಹಾಕಿ, ಸಮಾಧಾನವಾಗಿ ಬ್ಯಾಗು ಹೆಗಲಿಗೇರಿಸಿದ. ಅವನನ್ನು ಬಸ್ಸು ಹತ್ತಿಸಿ ಬಂದು ನಾನು ಆ ಪಾತ್ರೆಯನ್ನು ತೊಳೆದೆ. ಮೂಸಿದೆ. ಮತ್ತೆ ತೊಳೆದೆ.